ಲೆಕ್ಕವಿಡುವುದು ತವಕ್ಕುಲ್‌ಗೆ ವಿರುದ್ಧವೇ?

ತಿಂಗಳ ಆದಾಯವನ್ನೂ ಖರ್ಚನ್ನೂ ಮೊದಲೇ ಬರೆದಿಟ್ಟು ಸಂಸಾರ ನಡೆಸಬೇಕೆಂದು ಹೇಳಿದರೆ ನಮ್ಮಲ್ಲಿ ಕೆಲವರು ಮುಗುಳ್ನಗುತ್ತಾರೆ. 'ಅನ್ನ ಕೊಡುವವನು ಅಲ್ಲಾಹನು, ನಾಳೆಯ ಚಿಂತೆ ನಮಗೇಕೆ?' ಎನ್ನುತ್ತಾರೆ. ಕೇಳಲು ಇದು ಈಮಾನಿನ ಮಾತಿನಂತೆಯೇ ಇದೆ. ಆದರೆ ಹೀಗೆನ್ನುವ ಅನೇಕರು ತಿಂಗಳ 20ನೆಯ ತಾರೀಕಿಗೆ ಸಾಲ ಕೇಳಿಕೊಂಡು ನೆರೆಮನೆಯ ಬಾಗಿಲಿಗೆ ಹೋಗುತ್ತಾರೆ. ಹಾಗಾದರೆ ಅವರ ಭರವಸೆ ಯಾರ ಮೇಲಿತ್ತು?

ಪ್ರವಾದಿವರ್ಯರಿಗಿಂತ(ಸ) ಹೆಚ್ಚು ಅಲ್ಲಾಹನಲ್ಲಿ ಭರವಸೆಯಿಟ್ಟವರು ಯಾರೂ ಇಲ್ಲ. ಆದರೂ ಬನೂ ನಝೀರ್ ತೋಟಗಳ ಉತ್ಪನ್ನದಿಂದ ಅವರು ತಮ್ಮ ಕುಟುಂಬಕ್ಕೆ ಒಂದು ವರ್ಷದ ಆಹಾರವನ್ನು ತೆಗೆದಿಡುತ್ತಿದ್ದರೆಂದು ಬುಖಾರಿಯ ವರದಿಯಲ್ಲಿದೆ. ಪ್ರವಾದಿ ಯೂಸುಫರು(ಅ) ಈಜಿಪ್ಟಿನ ಅರಸನಿಗೆ ನೀಡಿದ ಸಲಹೆಯೂ ಇಂತಹುದೇ. ಸಮೃದ್ಧಿಯ ಏಳು ವರ್ಷಗಳಲ್ಲಿ ಉಣ್ಣುವಷ್ಟನ್ನು ಮಾತ್ರ ತೆಗೆದು, ಉಳಿದುದನ್ನು ತೆನೆಯಲ್ಲೇ ಬಿಟ್ಟು ಬರಗಾಲಕ್ಕೆ ಕಾಪಿಡಬೇಕೆಂದು ಅವರು ಹೇಳಿದರು. ಒಂದು ದೇಶದ ಆಯವ್ಯಯವನ್ನು ಪ್ರವಾದಿಯೊಬ್ಬರು ಯೋಜಿಸಿದ್ದು ತವಕ್ಕುಲ್‌ಗೆ ವಿರುದ್ಧವಾಗಲಿಲ್ಲವೆಂದಾದರೆ ನಮ್ಮ ಅಡುಗೆಮನೆಯ ಲೆಕ್ಕ ಹೇಗೆ ವಿರುದ್ಧವಾದೀತು?

ನಿಜವಾದ ಕಷ್ಟ ಕೂಡಿ ಕಳೆಯುವುದರಲ್ಲಿಲ್ಲ. ಯಾವುದನ್ನು ಮೊದಲು ಬರೆಯಬೇಕು ಎಂಬಲ್ಲಿದೆ. ಒಮ್ಮೆ ಒಂದು ಜನಾಝವನ್ನು ತಂದಾಗ ಮೃತರ ಮೇಲೆ ಸಾಲವಿದೆಯೇ ಎಂದು ಪ್ರವಾದಿ(ಸ) ವಿಚಾರಿಸಿದರು. ಇದೆ ಎಂದು ತಿಳಿದಾಗ ನಮಾಝ್ ನಿರ್ವಹಿಸುವಂತೆ ಸಂಗಾತಿಗಳಿಗೆ ಹೇಳಿ ತಾವು ಹಿಂದೆ ಸರಿದರು. ಆ ಸಾಲವನ್ನು ಅಬೂ ಕತಾದ(ರ) ತಮ್ಮ ಮೇಲೆ ವಹಿಸಿಕೊಂಡ ಬಳಿಕವೇ ಮುಂದೆ ಬಂದರು. ಜೀನಸಿ ಅಂಗಡಿಯ ಬಾಕಿಯನ್ನು ಹಾಗೆಯೇ ಉಳಿಸಿಕೊಂಡು ಅಕೀಕಕ್ಕೆ ಇಡೀ ಊರನ್ನೇ ಕರೆಯುವವರು ಈ ಘಟನೆಯನ್ನು ನೆನೆಯಬೇಕು. ಅಂಗಡಿಯವನಿಗೂ ಮಕ್ಕಳಿದ್ದಾರೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮಗೆ ಸಂಬಳ ಬರುವುದು ಇಂಗ್ಲಿಷ್ ತಿಂಗಳಿಗೆ, ಝಕಾತ್ ಕಡ್ಡಾಯವಾಗುವುದು ಚಾಂದ್ರಮಾನ ವರ್ಷಕ್ಕೆ. ಎರಡಕ್ಕೂ ಸುಮಾರು 11 ದಿನಗಳ ಅಂತರವಿದೆ. ಇಂಗ್ಲಿಷ್ ವರ್ಷದಂತೆ ಶೇಕಡಾ 2.5 ಕೊಡುತ್ತಾ ಹೋದವನು 33 ವರ್ಷಗಳಲ್ಲಿ ಒಂದು ವರ್ಷದ ಝಕಾತನ್ನೇ ಕಳೆದುಕೊಂಡಿರುತ್ತಾನೆ. ಹಬ್ಬಗಳೂ ಹೀಗೆಯೇ ಜರುಗುತ್ತವೆ. 2024 ಮತ್ತು 2025ರಲ್ಲಿ ಬಕ್ರೀದ್ ಬಂದುದು ಜೂನ್ ತಿಂಗಳಲ್ಲಿ, ಮಕ್ಕಳ ಫೀಸು, ಪುಸ್ತಕ, ಕೊಡೆಗಳ ಖರ್ಚಿನ ನಡುವೆಯೇ. ಹಿಜರಿ ಕ್ಯಾಲೆಂಡರನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಬರೆಯುವ ಮನೆಗೆ ಇದು ವರ್ಷದ ಮೊದಲೇ ಕಾಣಿಸುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದಿದೆ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಸ್ತ್ರೀಯರು ಬೀಡಿ ಕಟ್ಟಿ ಸಂಪಾದಿಸಿದ್ದಾರೆ. ಇಂದು ಕೆಲವರು ಹೊಲಿಗೆಯಿಂದ, ಶಿಕ್ಷಕಿಯ ಕೆಲಸದಿಂದ ಸಂಪಾದಿಸುತ್ತಾರೆ. ಗಂಡನು ಆ ಹಣವನ್ನು ಕೇಳದೆಯೇ ಮನೆಯ ಆದಾಯದ ಪಟ್ಟಿಗೆ ಸೇರಿಸಬಹುದೇ? ಶರೀಅತ್ ಪತ್ನಿಯ ಮತ್ತು ಮಕ್ಕಳ ಖರ್ಚನ್ನು ಹೊರಿಸಿದ್ದು ಪುರುಷನ ಮೇಲೆ. ಪತ್ನಿಯ ಸಂಪಾದನೆ ಅವಳದೇ. ಇಬ್ನು ಮಸ್‌ಊದರ(ರ) ಪತ್ನಿ ಝೈನಬ್(ರ) ತಮ್ಮ ಹಣವನ್ನು ಪತಿಗಾಗಿ ವೆಚ್ಚ ಮಾಡುವ ಬಗ್ಗೆ ವಿಚಾರಿಸಿದಾಗ, ಅದಕ್ಕೆ ಎರಡು ಪ್ರತಿಫಲವಿದೆಯೆಂದು ಪ್ರವಾದಿ(ಸ) ತಿಳಿಸಿದರು: ಬಂಧುತ್ವದ್ದು ಒಂದು, ಸದಕದ್ದು ಇನ್ನೊಂದು. ಸದಕ ಎಂದ ಮೇಲೆ ಅದು ಕೊಡುವವಳ ಇಚ್ಛೆ. ಗಂಡನು ತನ್ನ ಹಕ್ಕೆಂದು ಬರೆದುಕೊಳ್ಳುವಂತಹುದಲ್ಲ.

'ಸಂಸಾರದಲ್ಲಿ ನಿನ್ನದು ನನ್ನದು ಎಂದು ಬರೆಯತೊಡಗಿದರೆ ಪ್ರೀತಿ ಉಳಿದೀತೇ?' ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಮನೆಯು ಅಂಗಡಿಯಲ್ಲ. ಆದರೆ ಮಹರ್‌ನ ವಿಷಯದಲ್ಲಿ ಕುರ್‌ಆನ್ (4:4) ಪತ್ನಿಯರು ಮನಃಪೂರ್ವಕವಾಗಿ ಬಿಟ್ಟುಕೊಟ್ಟುದನ್ನು ಮಾತ್ರ ಪತಿಗೆ ಅನುಮತಿಸುತ್ತದೆ. 'ಬೇಡ' ಎನ್ನಲು ಧೈರ್ಯವಿಲ್ಲದವಳ ಮೌನವನ್ನು ಮನಃಪೂರ್ವಕ ಒಪ್ಪಿಗೆಯೆಂದು ಕರೆಯಲು ನನಗೆ ಮನಸ್ಸೊಪ್ಪುವುದಿಲ್ಲ. ಮಗಳ ಮದುವೆಗೆ, ಮನೆಯ ಛಾವಣಿಗೆ ಅವಳ ಚಿನ್ನವನ್ನು ಮಾರಿ, 'ಆಮೇಲೆ ಮಾಡಿಸಿಕೊಡುತ್ತೇನೆ' ಎಂದ ಗಂಡಂದಿರಲ್ಲಿ ಎಷ್ಟು ಮಂದಿ ಅದನ್ನು ಸಾಲವೆಂದು ಬರೆದಿಟ್ಟಿದ್ದಾರೆ? ಸಾಲವನ್ನು ಬರೆದಿಡಬೇಕೆನ್ನುವ ಅಲ್‌ಬಕರದ 282ನೆಯ ವಚನದಲ್ಲಿ ಗಂಡಹೆಂಡಿರಿಗೆ ವಿನಾಯಿತಿ ಕಾಣುವುದಿಲ್ಲ. ಬರೆದಿಡದ ಗಂಡ ತೀರಿಹೋದರೆ ಆಸ್ತಿ ಹಂಚುವ ದಿನ ಆ ಚಿನ್ನದ ಮಾತೆತ್ತಲು ವಿಧವೆಗೆ ಬಾಯಿಯೇ ಇರುವುದಿಲ್ಲ. ಉತ್ತರಾಧಿಕಾರಿಗಳ ಪಾಲಿಗಿಂತ ಮೊದಲು ಸಂದಾಯವಾಗಬೇಕಾದ ಸಾಲ ಅದು.

ಆದ್ದರಿಂದ ಪುಸ್ತಕ ತೆರೆಯುವಾಗ ಪತ್ನಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವಳ ಹಣವನ್ನು ಕೇಳಿಯೇ ಬರೆಯಿರಿ, ಕೊಡುಗೆಯೋ ಸಾಲವೋ ಎಂಬುದನ್ನು ಅವಳ ಬಾಯಿಂದಲೇ ಕೇಳಿ. ಅವಳು ಕೊಡಲಾರೆನೆಂದರೆ ಅಕ್ಕಿ ಬೇಳೆ ಗಂಡನ ದುಡಿಮೆಯಲ್ಲೇ ಬರಬೇಕು. ಅದು ಸಾಲದೆ ಹೋದರೆ ಕಡಿತವನ್ನು ಅವನ ಹೋಟೆಲ್ ಚಹಾದಿಂದ, ಹೊಸ ಮೊಬೈಲಿನ ಕಂತಿನಿಂದ ಆರಂಭಿಸಬಹುದು.