ಅಂಗೈಯ ಲಿಂಗ, ಮಣಿಕಟ್ಟಿನ ನಾಡಿ



ನೇಮಕಲ್ಲಿನ ಹಿರಿಯ ಭಕ್ತರೊಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದೇ, ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇವೆ. ವಯಸ್ಸು 68. ಹೊಲವಿದೆ, ಜೊತೆಗೆ ಶೇಂಗಾ ವ್ಯಾಪಾರ. ಕಳೆದ ವರ್ಷ ಎದೆ ಹಿಡಿದಂತಾಗಿ ಬಳ್ಳಾರಿಗೆ ಹೋದರು. ಹೃದಯದ ರಕ್ತನಾಳ ಕಟ್ಟಿದೆಯೆಂದು ಸ್ಟೆಂಟ್ ಹಾಕಿದರು. ಗುರುಕೃಪೆಯಿಂದ ಎಲ್ಲವೂ ಸುಸೂತ್ರವಾಯಿತು. ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ.

ಹೊಲದ ಕಡೆ ಹೋಗುವುದನ್ನು ಬಿಟ್ಟರು. ಎಡಮಗ್ಗುಲಿಗೆ ಮಲಗಲು ಭಯ. ಹೊಟ್ಟೆಯಲ್ಲಿ ವಾಯು ತುಂಬಿದರೂ ಅಪರಾತ್ರಿಯಲ್ಲಿ ಮಗನನ್ನು ಎಬ್ಬಿಸುವರು. ಮೂರು ಸಲ ಇ.ಸಿ.ಜಿ. ತೆಗೆಸಿದರು, ಮೂರೂ ಸರಿಯಾಗಿದ್ದವು. ಆದರೆ ಆಸ್ಪತ್ರೆಯಲ್ಲಿ ಬಂದ ಧೈರ್ಯ ಊರು ಮುಟ್ಟುವಷ್ಟರಲ್ಲಿ ಇಳಿದುಹೋಗುತ್ತಿತ್ತು. ನೋಡಲು ಬಂದವರು ಸುಮ್ಮನಿರಬೇಕಲ್ಲ? "ನಮ್ಮ ಬೀಗರೂ ಹಿಂಗೇ ಇದ್ರು, ಕೂತಲ್ಲೇ ಹೋದ್ರು" ಎಂದು ಕಥೆ ಹೇಳಿ, ಚಹ ಕುಡಿದು ಹೋಗುತ್ತಿದ್ದರು. ಭಕ್ತರಲ್ಲಿ ನಮ್ಮ ವಿನಂತಿ: ರೋಗಿಯನ್ನು ನೋಡಲು ಹೋದಾಗ ಸತ್ತವರ ಲೆಕ್ಕ ಒಪ್ಪಿಸಬೇಡಿರಿ.

ಒಂದು ದಿನ ಅವರು ಮಠಕ್ಕೆ ಬಂದು ನಮ್ಮೊಡನೆ ಹೇಳಿದರು: "ಅಂಗೈಯಾಗ ಲಿಂಗ ಇಟ್ಕೊಂಡು ಕೂತ್ರೆ, ಬಲಗೈ ಬೆರಳು ತಾನಾಗೇ ಎಡಗೈ ನಾಡಿ ಮ್ಯಾಲೆ ಹೋಗ್ತೈತಪ್ಪಾ. ಲಿಂಗ ನೋಡ್ಬೇಕೋ ನಾಡಿ ಎಣಿಸ್ಬೇಕೋ ತಿಳೀವಲ್ದು."

ನಾವು ಆಗ "ಶಿವನ ಮೇಲೆ ಭಾರ ಹಾಕಿರಿ ದೊಡ್ಡಪ್ಪ" ಎಂದುಬಿಟ್ಟೆವು. ಹೇಳುವವನಿಗೆ ಬಹಳ ಹಗುರವಾದ ಮಾತು ಅದು. ಅವರು ತಲೆಯಾಡಿಸಿ ಎದ್ದುಹೋದರು. ಆ ರಾತ್ರಿ ನಮಗೇ ನಿದ್ದೆ ಬರಲಿಲ್ಲ.

ಇದು ಅವರೊಬ್ಬರ ಪಾಡಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಆಸ್ಪತ್ರೆಗಳಿಗೆ ಎದೆ ತೋರಿಸಲು ಜನ ಮುಗಿಬಿದ್ದರು. 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗಲೂ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ದೊಡ್ಡ ಸಾಲು ನಿಂತಿತು. (ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರು ಹೊತ್ತ ಆಸ್ಪತ್ರೆ ಅದು.) ಸರ್ಕಾರದ ಸಮಿತಿ ಪರಿಶೀಲಿಸಿದಾಗ ಆ ಸಾವುಗಳಲ್ಲಿ ಕೆಲವು ಹೃದಯದ ಕಾಯಿಲೆಯಿಂದ ಆದವೇ ಅಲ್ಲವೆಂದು ತಿಳಿಯಿತು.

ವೈದ್ಯರನ್ನು ಕೇಳಿ ನಾವು ತಿಳಿದದ್ದು ಇಷ್ಟು. ಭಯವಾದಾಗಲೂ ಎದೆ ಜೋರಾಗಿ ಬಡಿಯುತ್ತದೆ. ಆ ಬಡಿತವನ್ನೇ ರೋಗವೆಂದು ತಿಳಿದರೆ ಭಯ ಹೆಚ್ಚುತ್ತದೆ, ಭಯ ಹೆಚ್ಚಿದರೆ ಬಡಿತ ಇನ್ನೂ ಹೆಚ್ಚುತ್ತದೆ. ಗಳಿಗೆಗೊಮ್ಮೆ ನಾಡಿ ಹಿಡಿಯುವುದು ಈ ಬೆಂಕಿಗೆ ತುಪ್ಪ ಸುರಿದಂತೆ. ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲೆಕ್ಕವನ್ನು ರಾತ್ರಿ ಒಮ್ಮೆ ನೋಡುವವನು ಜಾಣ. ದಿನವಿಡೀ ಗಲ್ಲಾ ಪೆಟ್ಟಿಗೆ ತೆಗೆದು ಎಣಿಸುತ್ತ ಕೂತವನ ಅಂಗಡಿಯಲ್ಲಿ ಗಿರಾಕಿಗೆ ಸಾಮಾನು ಕೊಡುವವರು ಯಾರು?

ಹಾಗೆಂದು ದೇಹವನ್ನು ಕಡೆಗಣಿಸಿರೆಂದು ನಾವು ಹೇಳುತ್ತಿಲ್ಲ. ಶರಣರು ದೇಹವನ್ನು ಕೀಳಾಗಿ ಕಂಡವರಲ್ಲ. ಲಿಂಗ ಧರಿಸಿದ ಕಾಯವನ್ನು ಪ್ರಸಾದಕಾಯವೆಂದರು. ಎದೆಯಲ್ಲಿ ಭಾರ ಅಥವಾ ಹಿಂಡಿದಂತಹ ನೋವು ಬಂದು ಕೆಲವು ನಿಮಿಷ ಕಳೆದರೂ ಇಳಿಯದೆ ತೋಳಿಗೆ, ದವಡೆಗೆ, ಬೆನ್ನಿಗೆ ಹರಿದರೆ, ತಣ್ಣನೆ ಬೆವರು, ಉಬ್ಬಸ ಬಂದರೆ, ವಾಯು ಇರಬಹುದೆಂದು ಸೋಡಾ ಕುಡಿಯುತ್ತ ಕೂಡಬಾರದು, ಕೂಡಲೇ 108ಕ್ಕೆ ಫೋನ್ ಮಾಡಬೇಕು. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ನೋವಿಲ್ಲದೆ ಬರೀ ಉಬ್ಬಸವೇ ಬರುವುದುಂಟು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು, ಈಗ ಚೆನ್ನಾಗಿದ್ದೇನೆಂದು, ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬಾರದು. ಪೂಜೆ ಮುಗಿಸಿ ಪ್ರಸಾದ ಸ್ವೀಕರಿಸಿದ ನಂತರ ಮಾತ್ರೆ ಎಂಬ ಕಟ್ಟಳೆ ಇಟ್ಟುಕೊಂಡರೆ ಮರೆಯುವುದಿಲ್ಲ.

ಭಯವನ್ನೂ ವೈದ್ಯರಿಗೆ ಹೇಳಬೇಕು. ಹೃದಯದ ಕಾಯಿಲೆ ಕಂಡ ಅನೇಕರಿಗೆ ಅಂಜಿಕೆ, ಮಂಕು ಕವಿಯುವುದುಂಟು, ಅದಕ್ಕೂ ಚಿಕಿತ್ಸೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡಿಲ್ಲ. ಇದರಲ್ಲಿ ನಾಚಿಕೆಯೇನು? ಭಕ್ತಿ ಕಡಿಮೆಯಾದದ್ದರಿಂದ ಅಂಜಿಕೆ ಬಂತೆಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ದೊಡ್ಡಪ್ಪನವರಿಗೆ ಅವರ ವೈದ್ಯರು ಹೇಳಿದ್ದು: ಬೆಳಿಗ್ಗೆ ಒಮ್ಮೆ ರಕ್ತದೊತ್ತಡ, ನಾಡಿ ನೋಡಿ ಬರೆದಿಡಿ, ಮತ್ತೆ ಮುಟ್ಟಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ನಡೆಯಿರಿ. ನಾವು ಮಠದಿಂದ ಒಂದು ಹೊಸ ಲೆಕ್ಕದ ಪುಸ್ತಕ ಕೊಟ್ಟೆವು. ಮೊದಲು ಆಂಜನೇಯನ ಗುಡಿಯವರೆಗೆ, ಆಮೇಲೆ ಹೊಲದವರೆಗೆ ನಡೆದರು. ಮಠದಲ್ಲಿ ದಾಸೋಹವಿದ್ದ ದಿನ ಬಂದು ಬೇಳೆ ಆರಿಸುವ ಕಾಯಕಕ್ಕೆ ಕೂಡತೊಡಗಿದರು. ಪೂಜೆಯಲ್ಲಿ ಬೆರಳು ನಾಡಿಯ ಕಡೆ ಹೋದರೆ ಬೈದುಕೊಳ್ಳದೆ ಮತ್ತೆ ದೃಷ್ಟಿಯನ್ನು ಲಿಂಗಕ್ಕೆ ತರುವುದು, ಇಷ್ಟೇ ಅಭ್ಯಾಸ. ಅಂಜಿಕೆ ಪೂರ್ತಿ ಹೋಗಿಲ್ಲ. ಕೆಲವು ರಾತ್ರಿ ಈಗಲೂ ಎದ್ದು ಕೂಡುತ್ತಾರೆ. ಮಗನನ್ನು ಮಾತ್ರ ಎಬ್ಬಿಸುವುದಿಲ್ಲವಂತೆ.

ಮೊನ್ನೆ ಸೋಮವಾರ ಪುಸ್ತಕ ತಂದು ತೋರಿಸಿದರು. ನಡುವೆ ಎರಡು ದಿನ ಏನೂ ಬರೆದಿರಲಿಲ್ಲ. ಏಕೆಂದು ಕೇಳಿದೆವು.

"ಶೇಂಗಾ ಕೀಳಾಕ ಆಳು ಬಂದಿದ್ರಪ್ಪಾ, ನೆನಪೇ ಆಗ್ಲಿಲ್ಲ" ಎಂದರು.