ಅರ್ಥವಾಗದ ಸಾಲನ್ನು ಅಳಿಸುವ ಹಕ್ಕು

ನಮಗಿಂತ ಮುಂಚಿನವರು ಕಟ್ಟಿಟ್ಟು ಹೋದುದನ್ನು ತಿದ್ದುವಾಗ ನಮ್ಮ ಹಕ್ಕು ಎಲ್ಲಿಯವರೆಗೆ ಸಲ್ಲುತ್ತದೆ? ಹಳೆಯ ಹಂಚಿನ ಮನೆಯನ್ನು ದುರಸ್ತಿ ಮಾಡಿಸುವವರೆಲ್ಲ ಈ ಪ್ರಶ್ನೆಯ ಮುಂದೆ ಒಮ್ಮೆಯಾದರೂ ನಿಲ್ಲುತ್ತಾರೆ. ನಡುಮನೆಯಲ್ಲಿ ಓಡಾಟಕ್ಕೆ ಅಡ್ಡವಾಗಿ ಒಂದು ಕಂಬವಿದೆ. ಅದು ಯಾವ ಭಾರವನ್ನೂ ಹೊತ್ತಂತೆ ಕಾಣುವುದಿಲ್ಲ. ಅದನ್ನು ನಿಲ್ಲಿಸಿದ ಅಜ್ಜ ಈಗಿಲ್ಲ. ಕಿತ್ತುಬಿಡೋಣ ಎನ್ನುತ್ತಾನೆ ಮೇಸ್ತ್ರಿ. ಮನೆ ನಮ್ಮದೇ ಆಗಿದ್ದರೆ ಕಿತ್ತದ್ದರ ಫಲವನ್ನು ಉಣ್ಣುವವರೂ ನಾವೇ. ಆದರೆ ಆ ಮಾಡಿನ ಕೆಳಗೆ ನಮಗೆ ಪರಿಚಯವೇ ಇಲ್ಲದ ಕೋಟ್ಯಂತರ ಜನರು ಮಲಗಿದ್ದರೆ?

ಇದು ಬರೀ ಕಲ್ಪನೆಯಲ್ಲ. ನಾವು ಬ್ಯಾಂಕಿನ ಜಾಲತಾಣವನ್ನು ತೆರೆದಾಗ, ರೈಲಿನ ಟಿಕೆಟಿಗೆ ಹಣ ಕಟ್ಟಿದಾಗ, ನಾವು ಒತ್ತಿದ ಗುಪ್ತಪದ ಯಾರ ಕಣ್ಣಿಗೂ ಬೀಳದಂತೆ ಗೂಢಲಿಪಿಯಾಗಿ ಮಾರ್ಪಟ್ಟು ಆಚೆ ದಡ ಸೇರುತ್ತದೆ. ಈ ಮಾರ್ಪಾಡು ಹೇಗೆ ನಡೆಯಬೇಕೆಂಬ ಒಪ್ಪಂದಕ್ಕೆ ಟಿಎಲ್‌ಎಸ್ ಎಂದು ಹೆಸರು. ಅದರ ಹಳೆಯ ರೂಪ ಎಸ್‌ಎಸ್‌ಎಲ್. ಒಪ್ಪಂದವನ್ನು ಜಾರಿಗೆ ತರುವ ಸಂಕೇತಗಳನ್ನು, ಅಂದರೆ ಕೋಡನ್ನು, ಪ್ರತಿ ಬ್ಯಾಂಕೂ ತಾನೇ ಬರೆಯುವುದಿಲ್ಲ. ಸಿದ್ಧವಾಗಿ ಸಿಗುವುದನ್ನು ತಂದು ಜೋಡಿಸಿಕೊಳ್ಳಲಾಗುತ್ತದೆ. ಎಂಜಿನಿಯರುಗಳು ಇದನ್ನು ಲೈಬ್ರರಿ ಎನ್ನುತ್ತಾರೆ. ಪುಸ್ತಕಗಳ ಗ್ರಂಥಾಲಯಕ್ಕೂ ಇದಕ್ಕೂ ಸಂಬಂಧವಿಲ್ಲ, ಇದೊಂದು ಸಲಕರಣೆಗಳ ಪೆಟ್ಟಿಗೆ. ಅಂತಹ ಪೆಟ್ಟಿಗೆಗಳಲ್ಲಿ ಬಹಳ ಪ್ರಸಿದ್ಧವಾದುದು ಓಪನ್‌ಎಸ್‌ಎಸ್‌ಎಲ್. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಎಂಬಿಬ್ಬರು ಆರಂಭಿಸಿದ್ದ ಎಸ್‌ಎಸ್‌ಎಲ್‌ಇಎವೈ ಎಂಬ ಕೃತಿಯನ್ನು 1998ರ ಕೊನೆಯಲ್ಲಿ ಬೇರೆಯವರು ಕೈಗೆತ್ತಿಕೊಂಡು ಇದನ್ನು ಬೆಳೆಸಿದರು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು.

ಇಂತಹ ಕೋಡು ವರ್ಷಗಳು ಕಳೆದಂತೆ ಗೋಜಲಾಗುತ್ತದೆ. ಯಾರೂ ಬಳಸದ ಯಂತ್ರಗಳಿಗಾಗಿ ಬರೆದ ಸಾಲುಗಳು ಉಳಿದುಬಿಡುತ್ತವೆ, ಒಬ್ಬನ ಶೈಲಿಯ ಮೇಲೆ ಇನ್ನೊಬ್ಬನ ಶೈಲಿ ಕೂರುತ್ತದೆ. ಆಗ ಯಾರಾದರೂ ಅದನ್ನು ಚೊಕ್ಕಟಗೊಳಿಸಬೇಕಾಗುತ್ತದೆ. ಹೊರಗಿನ ನಡತೆ ಬದಲಾಗದಂತೆ ಒಳಗಿನ ರಚನೆಯನ್ನು ತಿದ್ದುವ ಈ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎಂಬ ಹೆಸರಿದೆ. ಹೊರಗೆ ಏನೂ ಬದಲಾಗದು ಎಂಬ ಮಾತನ್ನು ನಾವು ಸ್ವಲ್ಪ ನಿಂತು ನೋಡಬೇಕು. ಅದು ತಾಂತ್ರಿಕ ವಿವರಣೆಯಷ್ಟೇ ಅಲ್ಲ, ಒಂದು ವಾಗ್ದಾನ ಕೂಡ. ವಾಗ್ದಾನ ಕೊಟ್ಟವನು ಅದನ್ನು ಯಾರಿಗೆ ಕೊಟ್ಟನೋ ಅವರನ್ನು ಕಂಡಿಲ್ಲ. ಪಡೆದವರಿಗೆ ತಾವು ಪಡೆದಿದ್ದೇವೆಂಬುದೂ ಗೊತ್ತಿಲ್ಲ.

ಬೇರೆ ತಂತ್ರಾಂಶಗಳಲ್ಲಿ ಈ ವಾಗ್ದಾನ ಮುರಿದರೆ ಬೇಗ ತಿಳಿಯುತ್ತದೆ. ಲೆಕ್ಕ ತಪ್ಪುತ್ತದೆ, ಪರದೆ ಖಾಲಿಯಾಗುತ್ತದೆ, ಗ್ರಾಹಕ ಕೂಗಾಡುತ್ತಾನೆ. ಭದ್ರತೆಯ ತಂತ್ರಾಂಶ ಮುರಿದಾಗ ಏನೂ ಆಗುವುದಿಲ್ಲ. ಬೀಗ ಎಂದಿನಂತೆ ಬೀಳುತ್ತದೆ, ಕೀಲಿಕೈ ಎಂದಿನಂತೆ ತಿರುಗುತ್ತದೆ. ಆದರೆ ಊರಿನ ಎಲ್ಲ ಬೀಗಗಳಿಗೂ ಅದೇ ಕೀಲಿಕೈ ಹೊಂದುತ್ತದೆ ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ.

ಹೋಲಿಕೆಗಾಗಿ ಹೇಳಿದ ಈ ಮಾತು ಹೆಚ್ಚುಕಡಿಮೆ ಹಾಗೆಯೇ ನಡೆದುಹೋಗಿದೆ. ಡೆಬಿಯನ್ ಎಂಬುದು ಲಿನಕ್ಸ್ ಕುಟುಂಬಕ್ಕೆ ಸೇರಿದ, ಸ್ವಯಂಸೇವಕರು ನಡೆಸುವ ಕಾರ್ಯಾಚರಣಾ ವ್ಯವಸ್ಥೆ. ಅಲ್ಲಿ ಓಪನ್‌ಎಸ್‌ಎಸ್‌ಎಲ್ ನೋಡಿಕೊಳ್ಳುತ್ತಿದ್ದ ಸ್ವಯಂಸೇವಕನಿಗೆ 2006ರಲ್ಲಿ ಒಂದು ದೂರು ಬಂತು. ಕೋಡಿನ ತಪ್ಪುಗಳನ್ನು ಹುಡುಕಿ ತೋರಿಸುವ ವಾಲ್‌ಗ್ರಿಂಡ್ ಎಂಬ ಉಪಕರಣ, ಬೆಲೆಯನ್ನೇ ತುಂಬಿಸದ ಸ್ಮೃತಿಯನ್ನು ಓದಲಾಗುತ್ತಿದೆ ಎಂದು ಪದೇ ಪದೇ ಎಚ್ಚರಿಸುತ್ತಿತ್ತು. ಒಂದೇ ಬಗೆಯ ಸಾಲು ಎರಡು ಕಡೆ ಇತ್ತು. ಎರಡೂ ಕಡೆ ಅದನ್ನು ನಿಷ್ಕ್ರಿಯಗೊಳಿಸಲಾಯಿತು. ಎಚ್ಚರಿಕೆ ನಿಂತಿತು.

ಆ ಎರಡರಲ್ಲಿ ಒಂದನ್ನು ತೆಗೆದರೆ ನಷ್ಟವಿರಲಿಲ್ಲ. ಇನ್ನೊಂದರ ಮಾತು ಬೇರೆ. ರಹಸ್ಯ ಕೀಲಿಯನ್ನು ತಯಾರಿಸಲು ಯಾರೂ ಊಹಿಸಲಾಗದ ಸಂಖ್ಯೆ ಬೇಕು. ಅದಕ್ಕಾಗಿ ಕಂಪ್ಯೂಟರು ನಾನಾ ಮೂಲಗಳಿಂದ ಅನಿರೀಕ್ಷಿತ ಮಾಹಿತಿಯನ್ನು ತಂದು ಒಂದು ಪಾತ್ರೆಗೆ ಸುರಿದು ಕಲಕುತ್ತದೆ. ಆ ಸಾಲೇ ಪಾತ್ರೆಯ ಬಾಯಿಯಾಗಿತ್ತು. ಅದನ್ನು ಮುಚ್ಚಿದ ಮೇಲೆ ಒಳಗೆ ಹೋಗಲು ಉಳಿದದ್ದು ಆ ಕ್ಷಣದಲ್ಲಿ ಕಂಪ್ಯೂಟರು ಕಾರ್ಯಕ್ರಮಕ್ಕೆ ಕೊಟ್ಟಿದ್ದ ಕ್ರಮಸಂಖ್ಯೆ ಮಾತ್ರ. ಅದಕ್ಕೆ ಇರಬಹುದಾದ ಬೆಲೆಗಳು ಹೆಚ್ಚೆಂದರೆ 32,768. ಕೋಟಿ ಕೋಟಿ ವರ್ಷ ಹುಡುಕಿದರೂ ಸಿಗಬಾರದ ಕೀಲಿಯನ್ನು ಮುಂಚಿತವಾಗಿಯೇ ಲೆಕ್ಕಹಾಕಿ ಒಂದು ಪಟ್ಟಿಯಲ್ಲಿ ಬರೆದಿಡಬಹುದಾದಷ್ಟು ಸಣ್ಣ ಸಂಖ್ಯೆಯಿದು. 2006ರ ಸೆಪ್ಟೆಂಬರಿನಿಂದ 2008ರ ಮೇ 13ರಂದು ದೋಷವನ್ನು ಪ್ರಕಟಿಸುವವರೆಗೆ, ಸುಮಾರು ಇಪ್ಪತ್ತು ತಿಂಗಳು, ಡೆಬಿಯನ್‌ನಲ್ಲಿಯೂ ಅದನ್ನು ಆಧರಿಸಿದ ಉಬುಂಟುವಿನಲ್ಲಿಯೂ ಇಂತಹ ಕೀಲಿಗಳು ತಯಾರಾದವು. ಕೀಲಿಗಳು ಕೆಲಸ ಮಾಡುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ. ತಂತ್ರಾಂಶವನ್ನು ಸರಿಪಡಿಸಿದ ಮೇಲೂ ಹಳೆಯ ಕೀಲಿಗಳು ತಾವಾಗಿ ಸರಿಹೋಗುವಂತಿರಲಿಲ್ಲ. ಒಂದೊಂದನ್ನೂ ಹುಡುಕಿ ಎಸೆದು ಹೊಸದನ್ನು ಮಾಡಬೇಕಾಯಿತು.

ಈ ಅಪರಾಧ ಯಾರದು? ಸಾಲನ್ನು ತೆಗೆದವನದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಆತ ಕದ್ದುಮುಚ್ಚಿ ಏನನ್ನೂ ಮಾಡಲಿಲ್ಲ. ತಾನು ತೆಗೆಯಬೇಕೆಂದಿರುವ ಸಾಲುಗಳು ಯಾವುವು ಎಂದು ತಿಳಿಸಿ, ಆ ತಂತ್ರಾಂಶದ ಬೆಳವಣಿಗೆಯ ಚರ್ಚೆ ನಡೆಯುವ ಅಂಚೆಪಟ್ಟಿಗೆ ಬರೆದು ಕೇಳಿದ್ದ. ಬೇಡ ಎಂದು ಯಾರೂ ತಡೆಯಲಿಲ್ಲ, ಬಂದ ಉತ್ತರ ಒಪ್ಪಿಗೆಯಂತೆಯೇ ಇತ್ತು. ಕೇಳಬೇಕಾದ ಜಾಗ ಅದಾಗಿರಲಿಲ್ಲ ಎಂಬ ಮಾತು ಅನಾಹುತದ ನಂತರ ಬಂತು. ನಮಗೆ ಆ ಸಮಜಾಯಿಷಿ ಅಷ್ಟಾಗಿ ಹಿಡಿಸುವುದಿಲ್ಲ. ಕಾಪಾಡಬೇಕಾದವರ ಬಾಗಿಲು ಎಲ್ಲಿದೆಯೆಂದು ಕೇಳುವವನಿಗೆ ತಿಳಿಯದಿದ್ದರೆ ಅದರಲ್ಲಿ ಬಾಗಿಲಿನವರ ಪಾಲೂ ಇದೆ.

ಇನ್ನೊಂದು ವಿವರವನ್ನೂ ಗಮನಿಸಬೇಕು. ನಷ್ಟವಿಲ್ಲದೆ ತೆಗೆಯಬಹುದಾಗಿದ್ದ ಸಾಲಿನ ಪಕ್ಕದಲ್ಲಿ, ಪರೀಕ್ಷಿಸುವ ಉಪಕರಣ ಇದರ ಬಗ್ಗೆ ದೂರುತ್ತದೆ ಎಂಬ ಟಿಪ್ಪಣಿ ಮೂಲ ಕೋಡಿನಲ್ಲಿಯೇ ಇತ್ತು. ಜೀವಾಳವಾಗಿದ್ದ ಸಾಲಿನ ಪಕ್ಕದಲ್ಲಿ ಒಂದಕ್ಷರವೂ ಇರಲಿಲ್ಲ. ಬರೆದವನಿಗೆ ಅದು ಅಷ್ಟು ಸ್ಪಷ್ಟವಾಗಿದ್ದಿರಬೇಕು. ತನಗೆ ತಿಳಿದದ್ದು ತನ್ನ ನಂತರ ಬರುವವನಿಗೂ ತಿಳಿದೇ ಇರುತ್ತದೆ ಎಂದು ಭಾವಿಸುವುದು ಜಾಣರಿಗೆ ತಗಲುವ ಒಂದು ರೋಗ. ತಿದ್ದುವವನ ಕರ್ತವ್ಯದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಆದರೆ ಕಾರಣವನ್ನು ಬರೆದಿಡದೆ ಹೋದವನು ತನ್ನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ ಎಂಬುದೇ ನಮ್ಮ ಅಭಿಪ್ರಾಯ.

ಹಾಗಿದ್ದರೆ ಹಳೆಯದನ್ನು ಮುಟ್ಟದಿರುವುದೇ ಕ್ಷೇಮವಲ್ಲವೇ ಎಂದು ಕೇಳಬಹುದು. ಪೂರ್ವಿಕರು ಮಾಡಿದ್ದಕ್ಕೆಲ್ಲ ಕಾರಣವಿದ್ದೇ ಇರುತ್ತದೆ ಎನ್ನುವವರು ನಮ್ಮ ಸಮಾಜದಲ್ಲಿ ಕಡಿಮೆಯೇನಿಲ್ಲ. ಇದು ವಿನಯದ ಮಾತಿನಂತೆ ಕೇಳಿಸುತ್ತದೆ, ಅನೇಕ ಸಲ ಬರೀ ಸೋಮಾರಿತನವಾಗಿರುತ್ತದೆ. 2014ರ ಜೂನ್ 5ರಂದು ಓಪನ್‌ಎಸ್‌ಎಸ್‌ಎಲ್‌ನ ಒಂದು ದೋಷ ಪ್ರಕಟವಾಯಿತು. ದಾರಿಯ ನಡುವೆ ಕುಳಿತವನು ಎರಡೂ ಕಡೆಯವರನ್ನು ದುರ್ಬಲ ಕೀಲಿಗೆ ಒಪ್ಪಿಸಿಬಿಡಬಹುದಾಗಿತ್ತು. ಅದನ್ನು ಕಂಡುಹಿಡಿದವರು ಜಪಾನಿನ ಸಂಶೋಧಕ ಮಸಾಶಿ ಕಿಕುಚಿ. ಆ ದೋಷ ಮೊದಲ ಆವೃತ್ತಿಯಿಂದಲೂ, ಅಂದರೆ ಸುಮಾರು ಹದಿನಾರು ವರ್ಷ, ಅಲ್ಲಿಯೇ ಕುಳಿತಿತ್ತು. ಮುಟ್ಟದೆ ಬಿಟ್ಟವರು ಅದನ್ನೂ ಕಾಪಾಡಿಕೊಂಡೇ ಬಂದಿದ್ದರು.

ಅದಕ್ಕೆ ಎರಡು ತಿಂಗಳ ಮುಂಚೆ, ಏಪ್ರಿಲ್ 7ರಂದು, ಹಾರ್ಟ್‌ಬ್ಲೀಡ್ ಹೊರಬಂದಿತ್ತು. ಇದು ಹಳೆಯ ದೋಷವಲ್ಲ, 2012ರ ಮಾರ್ಚಿನ ಆವೃತ್ತಿಯಲ್ಲಿ ಸೇರಿಸಿದ ಹೊಸ ಸೌಲಭ್ಯದ್ದು. ಸಂಪರ್ಕ ಇನ್ನೂ ಜೀವಂತವಿದೆಯೇ ಎಂದು ತಿಳಿಯಲು ಒಂದು ಕಡೆಯವರು ಕೆಲವು ಅಕ್ಷರಗಳನ್ನು ಕಳಿಸಿ ಅದನ್ನೇ ಹಿಂದಕ್ಕೆ ಕೇಳುತ್ತಾರೆ. ನಾಲ್ಕು ಅಕ್ಷರ ಕಳಿಸಿ ಅರವತ್ತು ಸಾವಿರ ಕಳಿಸಿದ್ದೇನೆ ಎಂದು ಸುಳ್ಳು ಹೇಳಿದರೆ, ಸರ್ವರು ಲೆಕ್ಕ ನೋಡದೆ ತನ್ನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ಸೇರಿಸಿ ಕೊಟ್ಟುಬಿಡುತ್ತಿತ್ತು. ಅದರಲ್ಲಿ ಗುಪ್ತಪದ ಇರಬಹುದು, ರಹಸ್ಯ ಕೀಲಿಯೇ ಇರಬಹುದು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳವಾದವು.

ಆಗ ಜಗತ್ತು ಮೊದಲ ಬಾರಿಗೆ ಆ ಪೆಟ್ಟಿಗೆಯ ಒಳಗೆ ಇಣುಕಿ ನೋಡಿತು ಎನ್ನಬೇಕು. ಕಂಡದ್ದು ಕೋಡಿನ ಗೋಜಲು ಮಾತ್ರವಲ್ಲ. ಇಷ್ಟೊಂದು ಬ್ಯಾಂಕುಗಳು, ಸರಕಾರಗಳು, ಕಂಪೆನಿಗಳು ಆತುಕೊಂಡಿದ್ದ ಈ ಕೆಲಸಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಇದನ್ನು ಹೇಳಿದವರು ಅದರ ಹಣಕಾಸು ನೋಡಿಕೊಳ್ಳುತ್ತಿದ್ದ ಸ್ಟೀವ್ ಮಾರ್ಕ್ವೆಸ್. ಹೊಟ್ಟೆಪಾಡು ನಡೆಯುತ್ತಿದ್ದುದು ಬೇರೆ ಗುತ್ತಿಗೆ ಕೆಲಸಗಳಿಂದ. ಪುಕ್ಕಟೆ ಸಿಕ್ಕಿದ ಮಾಡಿನ ಕೆಳಗೆ ಮಲಗಿದವರು, ಸೋರಿದಾಗ ಬಡಗಿಯನ್ನು ಬೈದರು.

ಓಪನ್‌ಬಿಎಸ್‌ಡಿ ತಂಡ ಬರೀ ಬೈದು ಸುಮ್ಮನಾಗಲಿಲ್ಲ. ಥಿಯೋ ಡೆ ರಾಟ್ ನೇತೃತ್ವದ ಈ ತಂಡ ಅದೇ ಏಪ್ರಿಲಿನಲ್ಲಿ ಕೋಡಿನ ಒಂದು ಪ್ರತಿಯನ್ನು ಪ್ರತ್ಯೇಕಿಸಿ ಲಿಬ್ರೆಎಸ್‌ಎಸ್‌ಎಲ್ ಎಂಬ ಹೆಸರಿಟ್ಟು ಶುದ್ಧೀಕರಣಕ್ಕೆ ಇಳಿಯಿತು. ಮೊದಲ ವಾರದಲ್ಲಿಯೇ ಸುಮಾರು 90,000 ಸಾಲುಗಳು ಹೋದವು. ವಿಎಂಎಸ್‌ನಂತಹ ಹಳೆಯ ವ್ಯವಸ್ಥೆಗಳಿಗಾಗಿ ಉಳಿಸಿಕೊಂಡಿದ್ದುದು ಹೋಯಿತು. ಸ್ಮೃತಿಯನ್ನು ತಾನೇ ಹಂಚಿಕೊಳ್ಳುವ, ಆ ಮೂಲಕ ಕಾರ್ಯಾಚರಣಾ ವ್ಯವಸ್ಥೆಯ ಕಾವಲನ್ನು ತಪ್ಪಿಸುತ್ತಿದ್ದ ಏರ್ಪಾಡೂ ಹೋಯಿತು. ಇದು ಮೆಚ್ಚತಕ್ಕ ಕೆಲಸ. ಆದರೆ ಜುಲೈಯಲ್ಲಿ ಬೇರೆ ವ್ಯವಸ್ಥೆಗಳಿಗೆಂದು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಲಿನಕ್ಸ್‌ನಲ್ಲಿ ವಿಶೇಷ ಸಂದರ್ಭವೊಂದರಲ್ಲಿ ಅದೇ ಊಹಿಸಲಾಗದ ಸಂಖ್ಯೆ ಎರಡು ಕಡೆ ಒಂದೇ ಬರಬಹುದು ಎಂದು ಒಬ್ಬರು ತೋರಿಸಿಕೊಟ್ಟರು. ಅದನ್ನು ಬೇಗನೆ ಸರಿಪಡಿಸಲಾಯಿತು.

ಇದೇ ಬಳಗದ ಮತ್ತೊಂದು ಕೃತಿ ಓಪನ್‌ಎಸ್‌ಎಸ್‌ಎಚ್. ದೂರದ ಕಂಪ್ಯೂಟರಿನೊಳಗೆ ಸುರಕ್ಷಿತವಾಗಿ ಪ್ರವೇಶಿಸಲು ಆಡಳಿತಗಾರರು ಬಳಸುವ ತಂತ್ರಾಂಶ. ಇದು ಬರೆಯುವವರ ಎಚ್ಚರಿಕೆಗೇ ಹೆಸರುವಾಸಿ, ಆದ್ದರಿಂದಲೇ ಇಲ್ಲಿ ನಡೆದದ್ದು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಿಗದಿತ ಸಮಯದೊಳಗೆ ಪ್ರವೇಶಿಸದವನ ಸಂಪರ್ಕವನ್ನು ಕತ್ತರಿಸುವ ಗಳಿಗೆಯಲ್ಲಿ, ಕಡತಕ್ಕೆ ವರದಿ ಬರೆಯಲು ಹೋಗಿ ಕಂಪ್ಯೂಟರು ಗೊಂದಲಕ್ಕೆ ಬೀಳುವ ದೋಷ 2006ರಲ್ಲಿ ಸಿಕ್ಕಿ ದುರಸ್ತಿಯಾಗಿತ್ತು. ಆ ಗಳಿಗೆಯಲ್ಲಿ ವರದಿ ಬರೆಯದೆ ಸುಮ್ಮನೆ ಹೊರಟುಹೋಗು ಎಂಬ ಕಾವಲು ಅಲ್ಲಿತ್ತು. 2020ರ ಅಕ್ಟೋಬರಿನಲ್ಲಿ ವರದಿ ಬರೆಯುವ ಭಾಗವನ್ನೆಲ್ಲ ಹೊಸದಾಗಿ ಜೋಡಿಸುವಾಗ ಆ ಕಾವಲು ಬಿದ್ದುಹೋಯಿತು. 2021ರ ಮಾರ್ಚಿನ ಆವೃತ್ತಿಯಲ್ಲಿ ಅದು ಲಿನಕ್ಸ್ ಬಳಸುವವರ ಕೈಸೇರಿತು. 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಪ್ರಕಟಿಸುವವರೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಗಮನಿಸಲಿಲ್ಲ. ಅವರ ಪ್ರಯೋಗದಲ್ಲಿ ಸರಾಸರಿ ಸುಮಾರು 10,000 ಪ್ರಯತ್ನಗಳ ನಂತರ ಬೀಗ ತೆರೆಯಿತು. ಒಮ್ಮೆ ಅನುಭವದಿಂದ ಕಲಿತ ಪಾಠ ಹದಿನಾಲ್ಕು ವರ್ಷಗಳ ನಂತರ ಯಾರ ದುರುದ್ದೇಶವೂ ಇಲ್ಲದೆ ಅಳಿಸಿಹೋಯಿತು.

ನಿರ್ಲಕ್ಷ್ಯದಂತೆಯೇ ಸುಧಾರಣೆಯೂ ಗಾಯ ಮಾಡುತ್ತದೆ ಎಂದಾದರೆ ನಮಗೆ ಉಳಿದ ದಾರಿ ಯಾವುದು? ಅರ್ಥವಾಗದ್ದನ್ನು ಅಳಿಸುವ ಹಕ್ಕು ಅಧಿಕಾರದಿಂದಾಗಲಿ ಜಾಣತನದಿಂದಾಗಲಿ ಬರುವುದಿಲ್ಲ, ಅದನ್ನು ಅರ್ಥಮಾಡಿಕೊಳ್ಳಲು ಪಟ್ಟ ಶ್ರಮದಿಂದ ಬರುತ್ತದೆ ಎಂದು ನಮಗೆ ತೋರುತ್ತದೆ. ಈ ಶ್ರಮಕ್ಕೆ ಸಮಯ ಬೇಕು, ಸಮಯಕ್ಕೆ ಸಂಬಳ ಬೇಕು. ನೈತಿಕತೆಯ ಪ್ರಶ್ನೆ ಇಲ್ಲಿ ಒಬ್ಬ ಪ್ರೋಗ್ರಾಮರನ ಮೇಜಿನಿಂದ ಎದ್ದು ಅವನ ಶ್ರಮದ ಫಲವನ್ನು ಉಣ್ಣುವ ಎಲ್ಲರ ಅಂಗಳಕ್ಕೆ ಬರುತ್ತದೆ. ಹಾರ್ಟ್‌ಬ್ಲೀಡ್ ನಂತರ ದೊಡ್ಡ ಕಂಪೆನಿಗಳು ಲಿನಕ್ಸ್ ಫೌಂಡೇಶನ್ನಿನ ಮೂಲಕ ಹಣ ಕೂಡಿಸಿದವು. ಹಣ ಬಂದ ಮೇಲೆ ಹೆಚ್ಚು ಜನ ಪೂರ್ಣಾವಧಿ ದುಡಿಯತೊಡಗಿದರು. ಈ ಬುದ್ಧಿ ಸೋರುವ ಮುಂಚೆ ಬರಬಾರದಿತ್ತೇ?

ಬೆಂಗಳೂರಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ದುಡಿಯುವ ನಮ್ಮ ಎಷ್ಟೋ ಮಕ್ಕಳ ದಿನ ಕಳೆಯುವುದು ಬೇರೆ ಯಾರೋ ಎಂದೋ ಬರೆದ ಕೋಡನ್ನು ನೋಡಿಕೊಳ್ಳುವುದರಲ್ಲಿ. ಇದಕ್ಕೆ ಮೆಯಿಂಟೆನೆನ್ಸ್ ಎಂಬ ಸಪ್ಪೆ ಹೆಸರಿದೆ, ಮನೆಯಲ್ಲಿ ಹೇಳಿಕೊಳ್ಳಲೂ ಅವರಿಗೆ ಸಂಕೋಚ. ಹೊಸದನ್ನು ಕಟ್ಟಿದವನಿಗೆ ಬಡ್ತಿ. ಹಳೆಯ ಸಾಲು ಏಕಿದೆಯೆಂದು ಎರಡು ದಿನ ಹುಡುಕಿ ಕೊನೆಗೆ ಅದನ್ನು ಹಾಗೆಯೇ ಬಿಟ್ಟವನು ತನ್ನ ವಾರದ ವರದಿಯಲ್ಲಿ ಏನೆಂದು ಬರೆಯಬೇಕು?

ಓಪನ್‌ಎಸ್‌ಎಸ್‌ಎಲ್ ಕೂಡ ಕಾಲಕ್ರಮದಲ್ಲಿ ಬಹಳ ಬದಲಾಯಿತು. 2015ರಲ್ಲಿ ಅದರ ಸಮಸ್ತ ಕೋಡನ್ನು ಒಂದೇ ಶೈಲಿಗೆ ತರಲಾಯಿತು. 2021ರ ಸೆಪ್ಟೆಂಬರಿನಲ್ಲಿ ಬಂದ 3.0 ಆವೃತ್ತಿಯಲ್ಲಿ ಒಳಗಿನ ವಿನ್ಯಾಸವೇ ಬೇರೆಯಾಯಿತು. ಮರುವರ್ಷದ ನವೆಂಬರಿನಲ್ಲಿ ಪ್ರಕಟವಾದ ಒಂದು ಗಂಭೀರ ದೋಷ ಆ ಹೊಸ ಆವೃತ್ತಿಯಲ್ಲಿತ್ತು, ಹಳೆಯ 1.1.1ರಲ್ಲಿ ಇರಲಿಲ್ಲ. ಹಳೆಯದರಲ್ಲೇ ಉಳಿದವರು ಆಗ ನಿಟ್ಟುಸಿರು ಬಿಟ್ಟಿರಬೇಕು. ಆದರೆ ಅದಕ್ಕೂ 2023ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಬೆಂಬಲ ನಿಂತಿತು.

ಡೆಬಿಯನ್‌ನಲ್ಲಿ ಅಳಿಸಲಾಗಿದ್ದ ಆ ಸಾಲಿಗೆ ಏನಾಯಿತು? 2008ರ ಪ್ರಮಾದದ ಬಳಿಕ ಮೂಲ ಕೋಡಿನಲ್ಲಿ ಅದರ ಪಕ್ಕಕ್ಕೆ ಒಂದು ಟಿಪ್ಪಣಿಯನ್ನು ಸೇರಿಸಲಾಯಿತು. ಈ ಸಾಲನ್ನು ತೆಗೆಯಬೇಡಿ ಎಂದು ದೊಡ್ಡಕ್ಷರಗಳಲ್ಲಿ ಬರೆದು, ಪರೀಕ್ಷಿಸುವ ಉಪಕರಣಗಳು ದೂರುತ್ತವೆಂಬುದು ನಮಗೆ ಗೊತ್ತು, ಆದರೂ ತೆಗೆದರೆ ಕೀಲಿಗಳು ದುರ್ಬಲವಾಗುತ್ತವೆ ಎಂದು ಕಾರಣವನ್ನೂ ವಿವರಿಸಲಾಗಿತ್ತು. ಹತ್ತು ವರ್ಷ ಆ ಸಾಲು ತನ್ನ ಟಿಪ್ಪಣಿಯೊಂದಿಗೆ ಅಲ್ಲಿಯೇ ಇತ್ತು. 2018ರ ಸೆಪ್ಟೆಂಬರಿನ 1.1.1 ಆವೃತ್ತಿಗಾಗಿ ಊಹಿಸಲಾಗದ ಸಂಖ್ಯೆಗಳನ್ನು ತಯಾರಿಸುವ ಇಡೀ ಭಾಗವನ್ನು ಹೊಸದಾಗಿ ಬರೆಯಲಾಯಿತು. ಆಗ ಆ ಸಾಲೂ ಹೋಯಿತು, ಅದರ ಪಕ್ಕದ ಟಿಪ್ಪಣಿಯೂ ಹೋಯಿತು. ಈ ಸಲ ತೆಗೆದವರಿಗೆ ಅದು ಯಾವ ಕೆಲಸ ಮಾಡುತ್ತಿತ್ತೆಂಬುದು ಗೊತ್ತಿತ್ತು.