ಎಲ್ಲರ ನೋಟ, ಒಬ್ಬರ ಒಡೆತನ

ಪರಿಗ್ರಹವೆಂದರೆ ವಸ್ತುಗಳ ಸಂಗ್ರಹ ಮಾತ್ರವಲ್ಲ. ‘ಇದು ನನ್ನದು’ ಎಂಬ ಮೂರ್ಛೆಯೇ ಅದರ ಮೂಲವೆಂದು ಜೈನಾಚಾರ್ಯರು ನಿರೂಪಿಸಿದ್ದಾರೆ. ಹೊಲ, ಮನೆ, ಹೊನ್ನು, ಧಾನ್ಯಗಳ ವಿಷಯದಲ್ಲಿ ಈ ತತ್ತ್ವವನ್ನು ಅನ್ವಯಿಸುವುದು ಕಷ್ಟವಲ್ಲ. ಆದರೆ ಕಾಲ ಬದಲಾದಂತೆ ಒಡೆತನದ ರೂಪವೂ ಬದಲಾಗಿದೆ. ಕೈಗೆ ಸಿಗದ, ಕಣ್ಣಿಗೆ ಮಾತ್ರ ಕಾಣುವ ದೃಶ್ಯವೂ ಇಂದು ಅಪಾರ ಬೆಲೆಯ ಸ್ವತ್ತಾಗಿದೆ. ಅಂತಹ ಸ್ವತ್ತಿಗೂ ಪರಿಮಾಣವಿರಬೇಕೆ? ಈ ಪ್ರಶ್ನೆಯನ್ನು ಯೂರೋಪು ಫುಟ್‌ಬಾಲ್ ಪ್ರಸಾರದ ನಿಮಿತ್ತ ದೀರ್ಘಕಾಲ ಚರ್ಚಿಸಿತು.

1966ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿಗಳ ನಡುವೆ ವಿಶ್ವಕಪ್ ಅಂತಿಮ ಪಂದ್ಯ ನಡೆದಾಗ, ಬ್ರಿಟನ್ನಿನಲ್ಲಿ ಮೂರು ಕೋಟಿಗೂ ಮಿಕ್ಕಿದ ಜನರು ಅದನ್ನು ದೂರದರ್ಶನದಲ್ಲಿ ಕಂಡರು. ಶ್ರೀಮಂತನ ಮನೆಯಲ್ಲಿಯೂ ಕಾರ್ಮಿಕನ ಮನೆಯಲ್ಲಿಯೂ ಕಂಡದ್ದು ಒಂದೇ ದೃಶ್ಯ. ಮುಂದೆ ಉಪಗ್ರಹ ವಾಹಿನಿಗಳು ಬಂದವು. 1992ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ನೇರ ಪ್ರಸಾರ ಚಂದಾ ವಾಹಿನಿಯ ಪಾಲಾಯಿತು. ವಿಶ್ವಕಪ್ಪಿಗೂ ಇದೇ ಗತಿಯಾದೀತೆಂಬ ಆತಂಕ ಹುಟ್ಟಿತು. ಬ್ರಿಟನ್ನಿನ 1996ರ ಪ್ರಸಾರ ಕಾಯ್ದೆಯಡಿ ವಿಶ್ವಕಪ್ ಮತ್ತು ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಅಂತಿಮ ಹಂತದ ಪಂದ್ಯಾವಳಿಗಳು ರಕ್ಷಿತ ಪಟ್ಟಿಯಲ್ಲಿ ಸ್ಥಾನ ಪಡೆದವು. ಸಮಾಜಕ್ಕೆ ಮಹತ್ವದ ಘಟನೆಗಳನ್ನು ಹೀಗೆ ಪಟ್ಟಿ ಮಾಡುವ ಅವಕಾಶವನ್ನು ಯೂರೋಪಿನ ಒಕ್ಕೂಟವು 1997ರಲ್ಲಿ ತನ್ನ ಸದಸ್ಯ ರಾಷ್ಟ್ರಗಳಿಗೆ ನೀಡಿತು.

ಜಾಗತಿಕ ಸಂಸ್ಥೆ ಫೀಫಾ ಮತ್ತು ಯೂರೋಪಿನ ಸಂಸ್ಥೆ ಯೂಇಎಫ್‌ಎ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಅನೇಕಾಂತ ದೃಷ್ಟಿಯುಳ್ಳವನು ಅವುಗಳ ವಾದವನ್ನೂ ಗೌರವದಿಂದ ಕೇಳಬೇಕು. ಪಂದ್ಯಾವಳಿಯನ್ನು ಸಂಘಟಿಸಿದವರು ತಾವು. ಪ್ರಸಾರದ ಹಕ್ಕು ತಮ್ಮ ಸ್ವತ್ತು. ಕೊಳ್ಳುವವರ ಸಂಖ್ಯೆ ಕುಗ್ಗಿದರೆ ಬೆಲೆಯೂ ಕುಗ್ಗುತ್ತದೆ. ಆ ಹಣದಿಂದಲೇ ಬಡ ದೇಶಗಳಲ್ಲಿ ಆಟ ಬೆಳೆಯಬೇಕು. ಎಲ್ಲ ಪಂದ್ಯಗಳೂ ಎಲ್ಲರಿಗೂ ಸಮಾನ ಮಹತ್ವದವಲ್ಲ. ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಜರ್ಮನಿಯು ತನ್ನ ಪಟ್ಟಿಯನ್ನು ಆರಂಭದ ಪಂದ್ಯ, ಉಪಾಂತ್ಯ, ಅಂತಿಮ ಪಂದ್ಯ ಹಾಗೂ ಸ್ವದೇಶಿ ತಂಡದ ಪಂದ್ಯಗಳಿಗೆ ಸೀಮಿತಗೊಳಿಸಿತ್ತು. ಬೆಲ್ಜಿಯಂ ಮತ್ತು ಬ್ರಿಟನ್ ವಿಶ್ವಕಪ್ಪಿನ ಎಲ್ಲ ಪಂದ್ಯಗಳನ್ನೂ ಸೇರಿಸಿದ್ದವು. 2011ರಲ್ಲಿ ಯೂರೋಪಿನ ನ್ಯಾಯಾಲಯ ಸಂಸ್ಥೆಗಳ ವಾದವನ್ನು ಒಪ್ಪಲಿಲ್ಲ. 2013ರಲ್ಲಿ ಅವುಗಳ ಮೇಲ್ಮನವಿಯೂ ವಜಾ ಆಯಿತು. ಸ್ವತ್ತಿನ ಹಕ್ಕು ಉಂಟು, ಆದರೆ ಸಾರ್ವಜನಿಕರ ಹಿತಕ್ಕಾಗಿ ಅದಕ್ಕೆ ಮಿತಿಯೂ ಸಲ್ಲುತ್ತದೆ ಎಂಬುದು ತೀರ್ಪಿನ ತಿರುಳು.

ಇಲ್ಲಿ ಗಮನಿಸತಕ್ಕದ್ದೆಂದರೆ, ಯಾರ ಸ್ವತ್ತನ್ನೂ ಕಸಿದುಕೊಳ್ಳಲಿಲ್ಲ. ಉಚಿತ ವಾಹಿನಿಯೂ ಹಕ್ಕಿಗೆ ಹಣ ತೆರಬೇಕು. ಬ್ರಿಟನ್ನಿನಲ್ಲಿ ಬಿಬಿಸಿಯನ್ನು ಪೋಷಿಸುವುದು ಮನೆಮನೆಯವರು ತೆರುವ ಪರವಾನಗಿ ಶುಲ್ಕವೇ. ನಿಷಿದ್ಧವಾದುದು ಗಳಿಕೆಯಲ್ಲ, ಬೇಲಿ. ಭಾರತದ 2007ರ ಕಾಯ್ದೆಯೂ ರಾಷ್ಟ್ರೀಯ ಮಹತ್ವದ ಕ್ರೀಡೆಗಳ ಪ್ರಸಾರವನ್ನು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು ವಿಧಿಸುತ್ತಲೇ, ದೂರದರ್ಶನದ ಜಾಹೀರಾತು ಆದಾಯದಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಷ್ಟನ್ನು ಹಕ್ಕುದಾರನಿಗೇ ಬಿಟ್ಟಿತು. ಶ್ರಾವಕನ ಪರಿಗ್ರಹ ಪರಿಮಾಣ ವ್ರತದ ಮರ್ಮವೂ ಇದೇ ಅಲ್ಲವೇ? ಗೃಹಸ್ಥನು ಗಳಿಸಬಾರದೆಂದು ಧರ್ಮ ಹೇಳುವುದಿಲ್ಲ. ಗಳಿಕೆಗೊಂದು ಎಲ್ಲೆಯನ್ನು ಹಾಕಿಕೊಳ್ಳಲು ಹೇಳುತ್ತದೆ. ವ್ಯತ್ಯಾಸ ಒಂದೇ: ವ್ರತ ಸ್ವಇಚ್ಛೆಯದು, ಕಾಯ್ದೆ ಬಲವಂತದ್ದು. ತಾನಾಗಿ ಎಲ್ಲೆಯನ್ನು ಅರಿಯದವನಿಗೆ ರಾಜಶಾಸನ ಅದನ್ನು ತೋರಿಸಬೇಕಾಗುತ್ತದೆ.

ಆಟದ ನೋಟ ಅನ್ನದಂತೆ ಅಗತ್ಯವೇ, ಅದು ಪ್ರಮಾದಕ್ಕೂ ಅನರ್ಥದಂಡಕ್ಕೂ ದಾರಿಯಲ್ಲವೇ ಎಂಬ ಆಕ್ಷೇಪ ಬರಬಹುದು. ಆಕ್ಷೇಪ ಯುಕ್ತವೇ, ನೋಡುವ ಹೊತ್ತಿಗೂ ಮಿತಿ ಬೇಕು. ಆದರೆ ಅನ್ನವನ್ನು ಒಬ್ಬನು ಉಂಡರೆ ಇನ್ನೊಬ್ಬನಿಗೆ ಅಷ್ಟು ಕಡಿಮೆಯಾಗುತ್ತದೆ. ಪಂದ್ಯವನ್ನು ಕೋಟಿ ಜನರು ನೋಡಿದರೂ ಅದು ಸವೆಯದು. ಮೇಲಾಗಿ, ಕೋಟಿ ಜನರು ನೋಡುವುದರಿಂದಲೇ ಅದಕ್ಕೆ ಬೆಲೆ ಬಂದಿದೆ. ಎಲ್ಲರ ಕಣ್ಣುಗಳು ಕೊಟ್ಟ ಬೆಲೆಯನ್ನು ಹಿಡಿದುಕೊಂಡು ಕೆಲವರ ಕಣ್ಣುಗಳನ್ನು ಹೊರಗಿಡುವುದು ಮೂರ್ಛೆಯಲ್ಲದೆ ಮತ್ತೇನು?

ನೋಡುವವನಿಗೂ ಧರ್ಮವುಂಟು. ಬೇಲಿ ಅನ್ಯಾಯವೆಂದು ಕದ್ದ ಪ್ರಸಾರವನ್ನು ನೋಡಿದರೆ ಅಚೌರ್ಯಾಣುವ್ರತಕ್ಕೆ ತದಾಹೃತಾದಾನವೆಂಬ ಅತಿಚಾರ ತಗಲುತ್ತದೆ. ಕದ್ದುದನ್ನು ಸ್ವೀಕರಿಸುವುದೂ ದೋಷವೇ. ಲೋಭಕ್ಕೆ ಚೌರ್ಯ ಉತ್ತರವಲ್ಲ.

ಈ ವಿವೇಕ ಬಸದಿಗಳ ಆಡಳಿತಕ್ಕೆ ಅಪರಿಚಿತವಲ್ಲ. ಮೊದಲ ಕಲಶದ ಭಾಗ್ಯವನ್ನು ಸವಾಲಿಗಿಡುವುದುಂಟು. ಹೆಚ್ಚು ಕಾಣಿಕೆ ಸಲ್ಲಿಸಿದವರು ಅದನ್ನು ಪಡೆಯುತ್ತಾರೆ, ಆ ಧನ ಧರ್ಮಕಾರ್ಯಕ್ಕೆ ಸಲ್ಲುತ್ತದೆ. ಆದರೆ ಕಲಶವೆತ್ತಿದವನು ಅಭಿಷೇಕವನ್ನು ತಾನೊಬ್ಬನೇ ನೋಡಬೇಕೆಂದು ಬಾಗಿಲು ಹಾಕಿಸುವುದಿಲ್ಲ. ಹಾಲು ಅವನದು, ದರ್ಶನ ನೆರೆದವರೆಲ್ಲರದು. ಈ ಎರಡನ್ನೂ ಬೇರ್ಪಡಿಸಿ ಕಾಣಬಲ್ಲ ಸಮಾಜಕ್ಕೆ ಅಪರಿಗ್ರಹ ಬರಿಯ ಪಾಠವಾಗಿ ಉಳಿಯದೆ ನಡೆಯಾಗುತ್ತದೆ.